ಆರನೆಯ ಕ್ಯಾಮೆರಾ

‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಎಂಬ ಅಮೆರಿಕನ್ ಹಾರರ್ ಸರಣಿಯ ಆರನೆಯ ಚಿತ್ರವಾಗಿ 2015ರಲ್ಲಿ ಬಂದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ: ದ ಘೋಸ್ಟ್ ಡೈಮೆನ್ಷನ್’ ಚೆನ್ನಾಗಿಲ್ಲ ಎಂಬ ವಿಷಯದಲ್ಲಿ ಆ ಸರಣಿಯನ್ನು ಮೊದಲಿನಿಂದ ನೋಡಿಕೊಂಡು ಬಂದವರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಚೆನ್ನಾಗಿಲ್ಲದ ಸಿನಿಮಾವನ್ನು ನೋಡಿ ಮರೆತುಬಿಡುವ ಅಭ್ಯಾಸ ನನಗೂ ಇದೆ. ಹಾರರ್ ಸಿನಿಮಾಗಳ ಹುಚ್ಚು ಹತ್ತಿಸಿಕೊಂಡವರಿಗೆ ಆ ಅಭ್ಯಾಸವಿಲ್ಲದಿದ್ದರೆ ಒಂದು ವರ್ಷವೂ ತಡೆಯಲಾಗದು. ಆದರೂ ಈ ಚಿತ್ರ ಮಾತ್ರ ಆಗಾಗ ನೆನಪಿಗೆ ಬಂದು ಕೆಣಕುತ್ತದೆ. ಅದಕ್ಕೆ ಎರಡು ಕಾರಣಗಳಿವೆ ಎಂದು ಈಗ ಅನ್ನಿಸುತ್ತದೆ. ಒಂದು, ವರ್ಷಗಟ್ಟಲೆ ಪ್ರೇಕ್ಷಕರು ಕೇಳುತ್ತಲೇ ಬಂದದ್ದನ್ನು ಈ ಚಿತ್ರ ಕೊಟ್ಟಿತು, ಕೊಟ್ಟ ಗಳಿಗೆಯಲ್ಲೇ ಭಯ ಸತ್ತುಹೋಯಿತು. ಎರಡನೆಯದು ಅದಕ್ಕಿಂತ ಬೇಸರದ್ದು: ಇಡೀ ಸರಣಿಯಲ್ಲೇ ಅತ್ಯಂತ ಚುರುಕಾದ ಒಂದು ಕಲ್ಪನೆ ಇದೇ ಚಿತ್ರದೊಳಗೆ ಕೆಲವೇ ನಿಮಿಷಗಳ ಕಾಲ ಬಂದು ಹೋಗುತ್ತದೆ, ಅದರ ಬೆಲೆ ಚಿತ್ರಕ್ಕೇ ಗೊತ್ತಾಗುವುದಿಲ್ಲ.

ಗೊತ್ತಿಲ್ಲದವರಿಗೆ ಎರಡೇ ಮಾತು: ಇವು ಫೌಂಡ್ ಫೂಟೇಜ್ ಚಿತ್ರಗಳು, ಅಂದರೆ ಪಾತ್ರಗಳೇ ಚಿತ್ರೀಕರಿಸಿ ಆಮೇಲೆ ಬೇರೆಯವರ ಕೈಗೆ ಸಿಕ್ಕ ದೃಶ್ಯಗಳು ಎಂಬ ನೆಪದಲ್ಲಿ ತೆಗೆದವು; ಟೋಬಿ ಎಂಬುದು ಕೇಟಿ ಮತ್ತು ಕ್ರಿಸ್ಟಿ ಎಂಬ ಅಕ್ಕತಂಗಿಯರನ್ನು ಬಾಲ್ಯದಿಂದ ಕಾಡುವ, ಕಣ್ಣಿಗೆ ಕಾಣದ ದೆವ್ವ. ಕಥೆಯ ಬಗ್ಗೆ ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಕ್ಯಾಮೆರಾಗಳ ಬಗ್ಗೆ.

ಮನೆಯಲ್ಲಿರುವ ಯಂತ್ರಗಳು

ಈ ಸರಣಿಯನ್ನು ದೆವ್ವದ ಕಥೆಯಾಗಿ ನೋಡುವುದನ್ನು ಬಿಟ್ಟು, ಮಧ್ಯಮ ವರ್ಗದ ಅಮೆರಿಕನ್ ಮನೆಗಳಿಗೆ ಕ್ಯಾಮೆರಾಗಳು ಒಂದೊಂದಾಗಿ ಹೇಗೆ ಹೊಕ್ಕವು ಎಂಬ ಕಥೆಯಾಗಿ ನೋಡಿದರೆ ಅದು ಬಹಳ ಸೊಗಸಾಗಿ ಕೂಡಿಕೊಳ್ಳುತ್ತದೆ. ಓರೆನ್ ಪೆಲಿ 2006ರಲ್ಲಿ ಸ್ಯಾನ್ ಡಿಯೇಗೊದ ತನ್ನ ಸ್ವಂತ ಮನೆಯಲ್ಲಿ, ಒಂದು ವಾರದ ಚಿತ್ರೀಕರಣದಲ್ಲಿ, ಸುಮಾರು 15,000 ಡಾಲರ್ ಖರ್ಚಿನಲ್ಲಿ ಮೊದಲ ಚಿತ್ರವನ್ನು ತೆಗೆದಾಗ ಅವನ ಕೈಯಲ್ಲಿದ್ದದ್ದು ಟ್ರೈಪಾಡಿನ ಮೇಲಿಟ್ಟ ಒಂದು ವಿಡಿಯೋ ಕ್ಯಾಮೆರಾ. 2009ರಲ್ಲಿ ಪ್ಯಾರಾಮೌಂಟ್ ಅದನ್ನು ಬಿಡುಗಡೆ ಮಾಡಿತು. ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಹೆಚ್ಚು ಬಂತು. 2010ರ ಎರಡನೆಯ ಭಾಗದಲ್ಲಿ ಮನೆಗೆ ಕಳ್ಳರು ನುಗ್ಗಿದರೆಂದು ಭಾವಿಸಿ ಹಾಕಿಸಿದ ಸಿಸಿಟಿವಿ ಕ್ಯಾಮೆರಾಗಳು ಬಂದವು. 2011ರ ಮೂರನೆಯ ಭಾಗ 1988ಕ್ಕೆ ಹಿಂದಿರುಗಿ, ಭುಜದ ಮೇಲೆ ಹೊರುವ ವಿಎಚ್‌ಎಸ್ ಕ್ಯಾಸೆಟ್ಟಿನ ಕ್ಯಾಮೆರಾವನ್ನು ಹಿಡಿಯಿತು. 2012ರ ನಾಲ್ಕನೆಯದರಲ್ಲಿ ಲ್ಯಾಪ್‌ಟಾಪುಗಳ ವೆಬ್‌ಕ್ಯಾಮ್‌ಗಳೂ, ಟೀವಿಯ ಬಳಿ ಕೂತು ಕಣ್ಣಿಗೆ ಕಾಣದ ಅವಗೆಂಪು ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲುವ ಎಕ್ಸ್‌ಬಾಕ್ಸ್ ಕಿನೆಕ್ಟ್ ಎಂಬ ವಿಡಿಯೋ ಗೇಮ್ ಸಾಧನ ಕೂಡ ಬಂದವು. ಕಥೆಯ ಮಟ್ಟಿಗೆ ನಾಲ್ಕನೆಯದು ಸೊರಗಿದ ಚಿತ್ರ. ಆದರೆ ಕತ್ತಲೆಯ ಹಾಲ್‌ನಲ್ಲಿ ಹರಡಿಕೊಂಡ ಆ ಸಾವಿರಾರು ಚುಕ್ಕೆಗಳ ನಡುವೆ ಆಕಾರವೊಂದು ಸರಿದುಹೋಗುವುದನ್ನು ನೋಡಿದವರು ಮರೆತಿರಲಾರರು.

ಇವೆಲ್ಲವುಗಳಲ್ಲಿ ಸಮಾನವಾದದ್ದೇನೆಂದರೆ ಒಂದೂ ವಿಶೇಷ ಯಂತ್ರವಲ್ಲ. ಅಂಗಡಿಯಲ್ಲಿ ಸಿಗುವ, ಪಕ್ಕದ ಮನೆಯಲ್ಲೂ ಇರುವ, ದೆವ್ವವನ್ನು ಹಿಡಿಯಲೆಂದು ಯಾರೂ ತಯಾರಿಸದ ಯಂತ್ರಗಳು ಅವು. ಪ್ರತಿ ಯಂತ್ರಕ್ಕೂ ತನ್ನದೇ ಆದ ಕುರುಡುತನವಿದೆ, ಭಯವೆಲ್ಲ ಆ ಕುರುಡುತನದ ಅಂಚಿನಲ್ಲಿ ಹುಟ್ಟುತ್ತದೆ. ಟ್ರೈಪಾಡಿನ ಕ್ಯಾಮೆರಾ ತಿರುಗಲಾರದು. ಸಿಸಿಟಿವಿಗೆ ಹತ್ತಿರ ಹೋಗಿ ನೋಡಲು ಬರುವುದಿಲ್ಲ. ವೆಬ್‌ಕ್ಯಾಮ್ ತನ್ನ ಮುಂದೆ ಕೂತವರ ಬೆನ್ನ ಹಿಂದೆ ಏನಿದೆ ಎಂಬುದನ್ನು ನಮಗೆ ತೋರಿಸುತ್ತದೆ, ಕೂತವರಿಗೆ ಗೊತ್ತಾಗುವುದಿಲ್ಲ. ಮೊದಲ ಚಿತ್ರದಲ್ಲಿ ಕೇಟಿ ನಡುರಾತ್ರಿ ಹಾಸಿಗೆಯಿಂದೆದ್ದು, ಮಲಗಿರುವ ತನ್ನ ಗೆಳೆಯ ಮೈಕಾನ ಪಕ್ಕದಲ್ಲಿ ಅಲುಗಾಡದೆ ನಿಲ್ಲುತ್ತಾಳೆ. ಪರದೆಯ ಮೂಲೆಯಲ್ಲಿ ಗಡಿಯಾರದ ಅಂಕಿಗಳು ಓಡತೊಡಗಿದಾಗ ಅವಳು ಗಂಟೆಗಟ್ಟಲೆ ಹಾಗೆಯೇ ನಿಂತಿದ್ದಳೆಂದು ನಮಗೆ ತಿಳಿಯುತ್ತದೆ. ಅಲ್ಲಿ ದೆವ್ವವೇ ಇಲ್ಲ. ಒಬ್ಬ ಹೆಂಗಸು, ಒಂದು ಮಂಚ, ಓಡುವ ಅಂಕಿಗಳು ಮಾತ್ರ.

ಟೇಬಲ್ ಫ್ಯಾನು

ಮೂರನೆಯ ಭಾಗದ ಒಂದು ದೃಶ್ಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆರನೆಯದರಲ್ಲಿ ಏನು ಕಳೆದುಹೋಯಿತು ಎಂಬುದಕ್ಕೆ ಅದೇ ಅಳತೆಗೋಲು. ಇನ್ನೂ ಬಾಲಕಿಯರಾಗಿರುವ ಕೇಟಿ, ಕ್ರಿಸ್ಟಿಯರ ತಾಯಿಯ ಗೆಳೆಯ ಡೆನ್ನಿಸ್ ಮದುವೆಗಳ ವಿಡಿಯೋ ತೆಗೆದು ಬದುಕುವವನು. ಮನೆಯ ಕೆಳಗಿನ ಅಂತಸ್ತಿನಲ್ಲಿ ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಹಾಲ್. ಇರುವ ಒಂದು ಕ್ಯಾಮೆರಾದಲ್ಲಿ ಎರಡೂ ಹಿಡಿಸುವುದಿಲ್ಲ. ಅವನು ಟೇಬಲ್ ಫ್ಯಾನಿನ ತಲೆಯನ್ನು ಬಿಚ್ಚಿ ತೆಗೆದು, ಎಡಬಲಕ್ಕೆ ತಿರುಗುವ ಅದರ ಬುಡದ ಮೇಲೆ ಕ್ಯಾಮೆರಾವನ್ನು ಕೂರಿಸುತ್ತಾನೆ. ಅಲ್ಲಿಂದ ಮುಂದೆ ಆ ಕ್ಯಾಮೆರಾಕ್ಕೆ ಯಜಮಾನನಿಲ್ಲ. ಅದು ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಅಡುಗೆಮನೆಗೆ ಒಂದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿ ಮೇಜಿನ ಬಳಿ ಕೂತಿದ್ದಾಳೆ. ಕ್ಯಾಮೆರಾ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಬಿಳಿ ದುಪ್ಪಟಿ ಹೊದ್ದ, ಮಗುವಿನಷ್ಟೆತ್ತರದ ಆಕಾರವೊಂದು ನಿಂತಿದೆ. ಕ್ಯಾಮೆರಾ ಮತ್ತೆ ಆಚೆ ಹೊರಟುಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಮನೆಮಂದಿಯೆಲ್ಲ ಸಾಲಾಗಿ ಕೂತಿರುವಾಗ ಫ್ಯಾನಿನ ಗಾಳಿ ತನ್ನ ಕಡೆಗೆ ಬರುವುದನ್ನು ಕಾಯುತ್ತೇವಲ್ಲ, ಅದೇ ಅಸಹಾಯಕತೆಯಲ್ಲಿ ನಾವು ಅದು ಹಿಂದಿರುಗುವುದನ್ನು ಕಾಯುತ್ತೇವೆ. ಅದು ಹಿಂದಿರುಗಿದಾಗ ಆಕಾರ ಹುಡುಗಿಯ ಬೆನ್ನಿಗೇ ಬಂದಿದೆ. ಅವಳು ತಿರುಗುವಷ್ಟರಲ್ಲಿ ದುಪ್ಪಟಿ ನೆಲಕ್ಕೆ ಕುಸಿಯುತ್ತದೆ, ಒಳಗೆ ಯಾರೂ ಇಲ್ಲ.

ಇಲ್ಲಿ ಖರ್ಚಾದದ್ದು ಒಂದು ದುಪ್ಪಟಿ. ಆದರೆ ಆ ನಿಧಾನದ ತಿರುಗಾಟವನ್ನು ಅವಸರಪಡಿಸಲು ಯಾರಿಗೂ, ನಿರ್ದೇಶಕರಿಗೂ ಸಹ, ಅಧಿಕಾರವಿಲ್ಲ ಎಂಬ ಭಾವನೆಯನ್ನು ಹುಟ್ಟಿಸಿದ್ದು ದೊಡ್ಡ ಕೆಲಸ. ಹೆನ್ರಿ ಜೂಸ್ಟ್ ಮತ್ತು ಏರಿಯಲ್ ಶುಲ್ಮನ್ ಎಂಬ ಈ ಜೋಡಿಯೇ ನಾಲ್ಕನೆಯದನ್ನೂ ನಿರ್ದೇಶಿಸಿತು, ಆದರೆ ಫ್ಯಾನಿಗೆ ಸಮನಾದದ್ದು ಅವರಿಗೆ ಮತ್ತೆ ಸಿಗಲಿಲ್ಲ.

ಕಾಣಿಸಿಕೊಂಡ ದೆವ್ವ

ಐದನೆಯದನ್ನು ದಾಟಿ, ಇನ್ನು ಆರನೆಯ ಚಿತ್ರ. ಕ್ಯಾಲಿಫೋರ್ನಿಯಾದ ಹೊಸ ಮನೆಯೊಂದರಲ್ಲಿ ರಯಾನ್, ಅವನ ಹೆಂಡತಿ ಎಮಿಲಿ ಮತ್ತು ಪುಟ್ಟ ಮಗಳು ಲೀಲಾ ಇದ್ದಾರೆ. ಕ್ರಿಸ್‌ಮಸ್ ಹತ್ತಿರ ಬಂದಿದೆ, ರಯಾನ್‌ನ ತಮ್ಮ ಮೈಕ್ ಬಂದು ಉಳಿದುಕೊಂಡಿದ್ದಾನೆ. ಅಲಂಕಾರದ ಸಾಮಾನುಗಳ ನಡುವೆ ಒಂದು ಪೆಟ್ಟಿಗೆ ಸಿಗುತ್ತದೆ. ಅದರೊಳಗೆ ಹಳೆಯ ವಿಡಿಯೋ ಕ್ಯಾಸೆಟ್ಟುಗಳು, ಜೊತೆಗೆ ಯಾರೋ ಮಾರ್ಪಡಿಸಿದ ದಪ್ಪನೆಯ ಹಳೆಯ ಕ್ಯಾಮೆರಾ. ಈ ಕ್ಯಾಮೆರಾಕ್ಕೆ ಬರಿಗಣ್ಣಿಗೆ ಕಾಣದ್ದು ಕಾಣುತ್ತದೆ. ಗಾಳಿಯಲ್ಲಿ ತೇಲುವ ಕಪ್ಪು ಚೂರುಗಳು, ಆಮೇಲೆ ಅವು ಒಟ್ಟುಗೂಡಿ ಸುರುಳಿ ಸುತ್ತಿಕೊಂಡ ಒಂದು ಎತ್ತರದ ಆಕಾರ. ಅದೇ ಟೋಬಿ. ಇಷ್ಟು ವರ್ಷ ಬಾಗಿಲನ್ನು ಒಂದು ಗೇಣು ತಳ್ಳಿ, ಮಂಚದ ಹೊದಿಕೆಯನ್ನು ಎಳೆದು, ಕೇಟಿಯನ್ನು ಕಾಲು ಹಿಡಿದು ಎಳೆದೊಯ್ದ ಟೋಬಿ. ಈ ಸಲ ನಿಮಗೆ ಎಲ್ಲವೂ ಕಾಣಿಸುತ್ತದೆ ಎಂಬುದೇ ಚಿತ್ರದ ಜಾಹೀರಾತಿನ ಭರವಸೆಯಾಗಿತ್ತು, ಸಾಲದ್ದಕ್ಕೆ ತ್ರೀಡಿಯಲ್ಲಿ.

ನಾನು ಈ ಚಿತ್ರಗಳನ್ನು ಒಟ್ಟಿಗೆ ಮತ್ತೆ ನೋಡಿದ್ದು ಒಂದು ದಸರಾ ರಜೆಯಲ್ಲಿ, ಹಾಸನದ ಅಕ್ಕನ ಮನೆಯಲ್ಲಿ, ಪಿಯುಸಿ ಓದುತ್ತಿದ್ದ ಅವಳ ಮಗನ ಜೊತೆಗೆ. ಅವನು ಅದಕ್ಕೆ ಮೊದಲು ಯಾವುದನ್ನೂ ನೋಡಿರಲಿಲ್ಲ. ಹಬ್ಬದ ಮನೆಯಲ್ಲಿ ಇಂಥ ಪೀಡೆಗಳನ್ನೆಲ್ಲ ಹಾಕಿಕೊಂಡು ಕೂರುವುದಕ್ಕೆ ಅಕ್ಕನ ವಿರೋಧವಿತ್ತು. ಅವಳು ಮಲಗಿದ ಮೇಲೆ ಹಾಲ್‌ನ ದೀಪ ಆರಿಸಿ, ಸದ್ದು ತಗ್ಗಿಸಿ ನೋಡುತ್ತಿದ್ದೆವು. ಫ್ಯಾನಿನ ದೃಶ್ಯ ಬಂದಾಗ ನೆಲದ ಮೇಲೆ ಕಾಲು ಚಾಚಿ ಕೂತಿದ್ದವನು ಸದ್ದಿಲ್ಲದೆ ದಿವಾನದ ಮೇಲೆ ಹತ್ತಿ, ಕಾಲುಗಳನ್ನು ಒಳಕ್ಕೆ ಮಡಚಿಕೊಂಡ. ಮಾತಿಲ್ಲ. ಆರನೆಯ ಚಿತ್ರ ನೋಡಿದ ರಾತ್ರಿ, ಕಪ್ಪು ಚೂರುಗಳು ಒಟ್ಟುಗೂಡಿ ಟೋಬಿಯಾಗಿ ನಿಂತಾಗ ಅವನು ದಿವಾನದ ಮೇಲೆ ಮುಂದಕ್ಕೆ ಬಾಗಿ, ಕುತೂಹಲದಿಂದ ಕೇಳಿದ: “ಮಾಮ, ಇದು ಗ್ರಾಫಿಕ್ಸ್ ಅಲ್ವಾ? ಇನ್ನೂ ಚೆನ್ನಾಗಿ ಮಾಡಬಹುದಿತ್ತು.”

ಆ ಮಾತಿನಲ್ಲಿ ಇಡೀ ವಿಮರ್ಶೆಯಿದೆ ಎಂದು ನನಗೆ ಆಮೇಲೆ ಅನ್ನಿಸಿತು. ದುಪ್ಪಟಿ ಕುಸಿದಾಗ ಅದನ್ನು ಹೇಗೆ ಮಾಡಿದರೆಂದು ಅವನು ಕೇಳಲಿಲ್ಲ. ಕೇಳುವ ಮನಸ್ಥಿತಿಯಲ್ಲಿ ಅವನಿರಲಿಲ್ಲ. ದೆವ್ವ ಕಣ್ಣಿಗೆ ಬಿದ್ದ ತಕ್ಷಣ ಅದು ಯಾರೋ ಕಂಪ್ಯೂಟರಿನ ಮುಂದೆ ಕೂತು ಮಾಡಿದ ಕೆಲಸವಾಯಿತು, ಕೆಲಸವಾದ ಮೇಲೆ ಅದನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ತೂಗುವುದು ಸಹಜ. ಮೊದಲ ಚಿತ್ರದಲ್ಲಿ ಮೈಕಾ ನೆಲದ ಮೇಲೆ ಪೌಡರು ಚೆಲ್ಲಿ ಮಲಗುತ್ತಾನೆ. ಬೆಳಗಿನೊಳಗೆ ಅದರ ಮೇಲೆ ಮನುಷ್ಯನದಲ್ಲದ ಹೆಜ್ಜೆಗಳು ಮೂಡಿರುತ್ತವೆ. ಆ ಹೆಜ್ಜೆಗಳ ಮೇಲೆ ನಿಲ್ಲುವ ದೇಹವನ್ನು ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ತನ್ನ ಬಾಲ್ಯದ ಭಯಗಳಿಂದ ತಾನೇ ಕಟ್ಟಿಕೊಂಡಿದ್ದ. ಒಂದು ಕೋಟಿ ಡಾಲರ್ ಬಜೆಟ್ಟಿನ ಆರನೆಯ ಚಿತ್ರ ಅಷ್ಟೂ ದೇಹಗಳನ್ನು ತೆಗೆದುಹಾಕಿ, ಅವುಗಳ ಜಾಗದಲ್ಲಿ ಎಲ್ಲರಿಗೂ ಒಂದೇ ಅಳತೆಯ ಒಂದು ದೇಹವನ್ನು ತಂದು ನಿಲ್ಲಿಸಿತು.

ಆದರೆ ದೆವ್ವವನ್ನು ತೋರಿಸಿದ್ದೇ ತಪ್ಪು ಎಂದು ಹೇಳಿ ಮುಗಿಸಿದರೆ ಅದು ಅರ್ಧ ಮಾತು. ತೋರಿಸಿಯೂ ಹೆದರಿಸಿದ ಸಿನಿಮಾಗಳಿವೆ. ನನ್ನ ತಕರಾರಿರುವುದು ಆ ಕ್ಯಾಮೆರಾದ ಬಗ್ಗೆ. ಅದು ಯಾರ ಮನೆಯಲ್ಲೂ ಇಲ್ಲ. ಅದಕ್ಕೆ ಮೊದಲಿನ ಯಂತ್ರಗಳೆಲ್ಲ ನಮ್ಮಂಥವರ ಯಂತ್ರಗಳಾಗಿದ್ದವು. ಸಿನಿಮಾ ಮುಗಿಸಿ ಮನೆಗೆ ಬಂದರೆ ಅವು ಅಲ್ಲಿ ನಮ್ಮನ್ನು ಕಾಯುತ್ತಿದ್ದವು. ಮಡಚಿಡದ ಲ್ಯಾಪ್‌ಟಾಪಿನ ಕಣ್ಣನ್ನು ನೋಡಿ ನಾಲ್ಕನೆಯ ಚಿತ್ರ ನೆನಪಾಗುತ್ತಿತ್ತು. ಆರನೆಯ ಕ್ಯಾಮೆರಾ ಟೋಬಿಯ ಸೇವೆ ಮಾಡುವ ಮಾಟಗಾತಿಯರ ಪರಿವಾರಕ್ಕೆ ಸೇರಿದ ಮಂತ್ರದ ವಸ್ತು. ಅದಕ್ಕೆ ಕುರುಡುತನವೇ ಇಲ್ಲ. ಕಾಣಬೇಕಾದದ್ದು ಎದುರಿಗೆ ಬಂದಾಗಲೆಲ್ಲ ಅದಕ್ಕೆ ಕಾಣುತ್ತದೆ. ಕುರುಡುತನವಿಲ್ಲದ ಕ್ಯಾಮೆರಾ ಕೈಗೆ ಬಂದ ಮೇಲೆ ಇದು ಫೌಂಡ್ ಫೂಟೇಜ್ ಚಿತ್ರವಾಗಿರಬೇಕಾದ ಅಗತ್ಯವಾದರೂ ಏನು? ಕ್ಯಾಮೆರಾ ಅಲುಗಾಡುತ್ತದೆ ಎಂಬುದನ್ನು ಬಿಟ್ಟರೆ ಅದು ಬೇರೆ ಯಾವುದೇ ಭೂತದ ಸಿನಿಮಾದ ಹಾಗೆಯೇ ಕಾಣುತ್ತದೆ, ಕೊನೆಗೆ ಪಾದ್ರಿ ಬಂದು ಭೂತ ಬಿಡಿಸುವಲ್ಲಿಯವರೆಗೂ.

ಇದರಲ್ಲೊಂದು ವಿಪರ್ಯಾಸವಿದೆ. ಚಿತ್ರದ ನಿರ್ದೇಶಕ ಗ್ರೆಗರಿ ಪ್ಲಾಟ್ಕಿನ್ ಹೊಸಬನಲ್ಲ. ಸರಣಿಯ ಹಿಂದಿನ ಭಾಗಗಳನ್ನು ಸಂಕಲಿಸಿದವನು ಅವನೇ. ಫ್ಯಾನು ಎಷ್ಟು ಹೊತ್ತು ಆಚೆ ಇರಬೇಕು, ಯಾವ ಚೌಕಟ್ಟಿನಲ್ಲಿ ಏನೂ ನಡೆಯದೆ ಎಷ್ಟು ಸೆಕೆಂಡು ಹಾಗೇ ಬಿಡಬೇಕು ಎಂಬ ಲೆಕ್ಕವೆಲ್ಲ ಅವನ ಸಂಕಲನದ ಮೇಜಿನ ಮೇಲೆ ಹಾದುಹೋದದ್ದು. ಎರಡು ವರ್ಷಗಳ ನಂತರ ‘ಗೆಟ್ ಔಟ್’ ಚಿತ್ರವನ್ನು ಸಂಕಲಿಸಿ ಅವನು ತನ್ನ ಕೈ ಎಂಥದೆಂದು ಮತ್ತೆ ತೋರಿಸಿದ. ಹಾಗಾಗಿ ಗೊತ್ತಿಲ್ಲದೆ ಆದ ಅನಾಹುತವಿದು ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ. ಆರನೆಯ ಭಾಗಕ್ಕೆ ಬರುವ ಹೊತ್ತಿಗೆ ಸರಣಿಗೆ ಹೊಸದನ್ನೇನಾದರೂ ತೋರಿಸಲೇಬೇಕೆಂಬ ಒತ್ತಡವಿತ್ತು, ಉಳಿದಿದ್ದದ್ದು ಟೋಬಿಯ ಮುಖವೊಂದೇ.

ಕ್ಯಾಸೆಟ್ಟು ನೋಡುವವನನ್ನು ನೋಡುವ ಕ್ಯಾಸೆಟ್ಟು

ಈಗ ಎರಡನೆಯ ಕಾರಣಕ್ಕೆ ಬರುತ್ತೇನೆ. ರಯಾನ್ ಆ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿ ನೋಡುತ್ತಾನೆ. ಅವುಗಳಲ್ಲಿ ಬಾಲೆಯರಾದ ಕೇಟಿ ಮತ್ತು ಕ್ರಿಸ್ಟಿ ಇದ್ದಾರೆ. ಒಬ್ಬ ಗಂಡಸು ಅವರನ್ನು ಕೂರಿಸಿಕೊಂಡು, ಮನಸ್ಸಿಗೆ ಏನು ಕಾಣಿಸುತ್ತಿದೆ ಹೇಳಿ ಎಂದು ಪಾಠ ಹೇಳುವವನಂತೆ ಕೇಳುತ್ತಿದ್ದಾನೆ. ಹುಡುಗಿಯರು ಒಂದು ಕೋಣೆಯನ್ನು ಬಣ್ಣಿಸತೊಡಗುತ್ತಾರೆ. ಸ್ವಲ್ಪ ಹೊತ್ತಿಗೆ ರಯಾನ್‌ಗೆ ಗೊತ್ತಾಗುತ್ತದೆ, ಅವರು ಬಣ್ಣಿಸುತ್ತಿರುವುದು ತಾನು ಕೂತಿರುವ ಕೋಣೆಯನ್ನು, ತನ್ನನ್ನು, ತಾನು ಈ ಗಳಿಗೆಯಲ್ಲಿ ಮಾಡುತ್ತಿರುವುದನ್ನು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮುದ್ರಿತವಾಗಿ ಪೆಟ್ಟಿಗೆಯಲ್ಲಿ ಬಿದ್ದಿದ್ದ ಕ್ಯಾಸೆಟ್ಟು ತನ್ನನ್ನು ನೋಡುತ್ತಿರುವವನನ್ನು ತಿರುಗಿ ನೋಡುತ್ತಿದೆ.

ಈ ಪ್ರಕಾರದ ಮೂಲ ಕರಾರು ಏನು? ಯಾರೋ ಚಿತ್ರೀಕರಿಸಿದರು, ಅವರಿಗೆ ಏನೋ ಆಯಿತು, ಉಳಿದದ್ದು ಬೇರೆಯವರ ಕೈಗೆ ಸಿಕ್ಕಿತು. ಮೊದಲ ಚಿತ್ರ ಶುರುವಾಗುವುದೇ ಮೈಕಾ ಮತ್ತು ಕೇಟಿಯರ ಕುಟುಂಬಗಳಿಗೂ ಸ್ಯಾನ್ ಡಿಯೇಗೊ ಪೊಲೀಸರಿಗೂ ಸಲ್ಲಿಸುವ ಧನ್ಯವಾದದ ಬರಹದಿಂದ. ಆ ಒಂದು ಬರಹ ಪ್ರೇಕ್ಷಕನಿಗೆ ರಕ್ಷಣೆಯನ್ನೂ ಕೊಡುತ್ತದೆ: ಆದದ್ದು ಅವರಿಗೆ, ಆಗಿ ಮುಗಿದಿದೆ, ಈಗ ಪೊಲೀಸರ ವಶದಲ್ಲಿದೆ, ನಾವು ಸುರಕ್ಷಿತವಾಗಿ ಆಚೆ ಕೂತು ನೋಡುತ್ತಿದ್ದೇವೆ. ಸಿಕ್ಕಿದ ಚಿತ್ರಿಕೆ ಸಿಕ್ಕವನನ್ನೇ ಗುರುತಿಸುತ್ತದೆ ಎಂದಾದರೆ ಆ ರಕ್ಷಣೆ ಒಂದೇ ಏಟಿಗೆ ಕಳಚಿ ಬೀಳುತ್ತದೆ. ಅದಕ್ಕೆ ಗ್ರಾಫಿಕ್ಸ್ ಬೇಡ, ತ್ರೀಡಿ ಬೇಡ, ಮಂತ್ರದ ಕ್ಯಾಮೆರಾವೂ ಬೇಡ. ಹಳೆಯ ಕ್ಯಾಸೆಟ್ಟು, ಅದನ್ನು ಓಡಿಸುವ ಯಂತ್ರ, ಪರದೆಯಲ್ಲಿ ಇಬ್ಬರು ಹುಡುಗಿಯರು, ಪರದೆಯೆದುರು ಒಬ್ಬ ಮನುಷ್ಯ. 15,000 ಡಾಲರಿನಲ್ಲಿ ತೆಗೆಯಬಹುದಾದ ಚಿತ್ರ ಅದು. ಆ ಕ್ಯಾಸೆಟ್ಟಿನಲ್ಲಿ ಮುಂದೆ ಏನಿದೆ ಎಂದು ನೋಡಲೂ ಆಗದೆ, ನೋಡದೆ ಇರಲೂ ಆಗದೆ ಒದ್ದಾಡುವ ಮನುಷ್ಯನೊಬ್ಬನ ಕಥೆಯಾಗಿ ಇಡೀ ಸಿನಿಮಾವನ್ನು ಅದರ ಮೇಲೆಯೇ ನಿಲ್ಲಿಸಬಹುದಿತ್ತು. ನಾಳೆಯ ದಿನವನ್ನು ಮೊದಲೇ ಹೇಳಿ ಮುಗಿಸಿದ ಕ್ಯಾಸೆಟ್ಟು ಮನೆಯಲ್ಲಿದ್ದರೆ ಗಂಡ ಹೆಂಡತಿಯರ ನಡುವೆ ಏನೇನಾಗಬಹುದು ಎಂಬುದೇ ಎರಡು ಗಂಟೆಗೆ ಸಾಕಾಗುವಷ್ಟಿದೆ.

ಚಿತ್ರ ಏನು ಮಾಡುತ್ತದೆಂದರೆ, ಆ ಅರಿವಿನಿಂದ ರಯಾನ್‌ಗೆ ಒಂದೆರಡು ಸಲ ಬೆವರು ಹರಿಸಿ, ಮತ್ತೆ ಕಪ್ಪು ಹೊಗೆಯ ಬೆನ್ನು ಹತ್ತುತ್ತದೆ. ಮಗಳ ಕೋಣೆಯಲ್ಲಿ ಹಿಂದಿನ ಕಾಲಕ್ಕೆ ದಾರಿ ತೆರೆಯುತ್ತದೆ, ಟೋಬಿಗೆ ಮನುಷ್ಯ ದೇಹ ಪಡೆಯಲು ರಕ್ತ ಬೇಕಾಗಿದೆ ಎಂಬ ವಿವರಣೆ ಬರುತ್ತದೆ. ವಿವರಣೆ ಬೆಳೆದಷ್ಟೂ ಕ್ಯಾಸೆಟ್ಟುಗಳು ಬರಿಯ ಮಾಹಿತಿಯ ಮೂಲಗಳಾಗಿ ಕುಗ್ಗುತ್ತವೆ. ಸರಣಿಯ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಸಿಗುತ್ತದೆ ಎಂದು ನಂಬಿದವರಿಗೆ ಇನ್ನೊಂದು ಪೆಟ್ಟು ಬೀಳುತ್ತದೆ: ಅಲ್ಲಿಯವರೆಗೆ ಪ್ರತಿ ಭಾಗದಲ್ಲೂ ಒಮ್ಮೆಯಾದರೂ ಮುಖ ತೋರಿಸಿದ್ದ, ದೊಡ್ಡವಳಾದ ಕೇಟಿಯ ಪಾತ್ರದ ನಟಿ ಕೇಟಿ ಫೆದರ್‌ಸ್ಟನ್ ಈ ಚಿತ್ರದಲ್ಲಿ ಇಲ್ಲವೇ ಇಲ್ಲ.

ನಮ್ಮ ಕಡೆಯ ಒಂದು ಮಾತು

ನಮ್ಮಲ್ಲೂ ಈ ಬಗೆಯ ಸಿನಿಮಾಗಳು ಬಂದಿವೆ. 2013ರಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಬಂದಾಗ, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ನಿಜವಾದ ದೃಶ್ಯಗಳಿವು ಎಂದು ನಂಬಿ ಚಿತ್ರಮಂದಿರಕ್ಕೆ ಹೋದವರು ನನ್ನ ಪರಿಚಯದಲ್ಲೇ ಇದ್ದರು. ಮುಖಪರಿಚಯವಿಲ್ಲದ ನಟರು, ಕಾಡು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಕ್ಯಾಮೆರಾ. ಎಲ್ಲವೂ ನಮಗೆ ಗೊತ್ತಿರುವವುಗಳೇ ಆಗಿದ್ದದ್ದು ಆ ನಂಬಿಕೆಗೆ ಕಾರಣ. ಹಿಂದಿಯಲ್ಲಿ 2011ರ ‘ರಾಗಿಣಿ ಎಂಎಂಎಸ್’ ಒಂದು ಮನೆಯಲ್ಲಿ ಅಡಗಿಸಿಟ್ಟ ಕ್ಯಾಮೆರಾಗಳನ್ನು ನೆಚ್ಚಿಕೊಂಡಿತ್ತು. 2014ರ ಎರಡನೆಯ ಭಾಗ ಆ ಕ್ರಮವನ್ನೇ ಕೈಬಿಟ್ಟು, ಸನ್ನಿ ಲಿಯೋನ್ ಅವರ ಹಾಡು ಕುಣಿತಗಳನ್ನು ಮುಂದಿಟ್ಟುಕೊಂಡು ಸಾಮಾನ್ಯ ಭೂತದ ಚಿತ್ರವಾಯಿತು. ಅದು ಮೋಸವೇ, ಆದರೆ ಬಾಗಿಲಲ್ಲೇ ಹೇಳಿ ಮಾಡಿದ ಮೋಸ. ‘ಘೋಸ್ಟ್ ಡೈಮೆನ್ಷನ್’ ಕ್ರಮವನ್ನು ಉಳಿಸಿಕೊಂಡಂತೆ ನಟಿಸಿತು ಎಂಬುದೇ ನನಗೆ ಹೆಚ್ಚು ಕಿರಿಕಿರಿಯ ಸಂಗತಿ.

ಗಲ್ಲಾಪೆಟ್ಟಿಗೆಯ ಸೋಲಿಗೆ ಮಾತ್ರ ಚಿತ್ರವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಚಿತ್ರವನ್ನು ಬೇಗನೆ ಡಿಜಿಟಲ್ ಮಾರಾಟಕ್ಕೆ ಬಿಡುವ ಒಪ್ಪಂದವನ್ನು ಪ್ಯಾರಾಮೌಂಟ್ ಎಎಂಸಿಯಂಥ ಕೆಲವು ಚಿತ್ರಮಂದಿರ ಸರಣಿಗಳ ಜೊತೆ ಮಾಡಿಕೊಂಡಿತ್ತು. ಒಪ್ಪದ ದೊಡ್ಡ ಸರಣಿಗಳು ಅದನ್ನು ತೆರೆಗೆ ತರಲೇ ಇಲ್ಲ. ಅಮೆರಿಕದಲ್ಲಿ ಮೂರನೆಯ ಭಾಗ 10 ಕೋಟಿ ಡಾಲರ್ ದಾಟಿದ್ದರೆ ಇದು 2 ಕೋಟಿಯನ್ನೂ ಮುಟ್ಟಲಿಲ್ಲ.

2021ರಲ್ಲಿ ‘ನೆಕ್ಸ್ಟ್ ಆಫ್ ಕಿನ್’ ಎಂಬ ಏಳನೆಯ ಚಿತ್ರ ಬಂತು, ನೇರವಾಗಿ ಪ್ಯಾರಾಮೌಂಟ್‌ನ ಓಟಿಟಿಯಲ್ಲಿ. ಅದರಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಯುವತಿಯೊಬ್ಬಳು ತನ್ನ ಹೆತ್ತ ತಾಯಿಯನ್ನು ಹುಡುಕಿಕೊಂಡು ಆಧುನಿಕ ಸೌಕರ್ಯಗಳಿಂದ ದೂರವಿರುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನರ ಊರಿಗೆ ಹೋಗುತ್ತಾಳೆ. ಕೇಟಿ, ಕ್ರಿಸ್ಟಿ, ಟೋಬಿ ಯಾರೂ ಅಲ್ಲಿಲ್ಲ. ಹಳೆಯ ಕಥೆಯನ್ನು ಬಿಟ್ಟದ್ದಕ್ಕೆ ಬೈದವರಿದ್ದಾರೆ. ನನಗೆ ಅದರಲ್ಲಿ ಬೇಸರವಿಲ್ಲ. ಟೋಬಿಯ ಮೈಯನ್ನು ಅಷ್ಟು ನೋಡಿದ ಮೇಲೆ ಅವನಲ್ಲಿ ಇನ್ನೇನೂ ಉಳಿದಿರಲಿಲ್ಲ. ಆದರೆ ಕ್ಯಾಸೆಟ್ಟಿನೊಳಗಿಂದ ಕೋಣೆಯನ್ನು ಬಣ್ಣಿಸಿದ ಆ ಇಬ್ಬರು ಹುಡುಗಿಯರನ್ನು ಬಿಟ್ಟುಬಂದದ್ದಕ್ಕೆ ಬೇಸರವಿದೆ. ರಯಾನ್ ಕೂತಿದ್ದ ಜಾಗದಲ್ಲಿ ಬೇರೆ ಯಾರನ್ನು ಕೂರಿಸಿದರೂ, ಯಾವ ಊರಿನ ಯಾವ ಮನೆಯಲ್ಲಾದರೂ, ಆ ಕಥೆ ಮೊದಲಿನಿಂದ ಶುರುವಾಗಬಲ್ಲದು. ಅಟ್ಟದ ಮೇಲೆ ಮದುವೆ ಕ್ಯಾಸೆಟ್ಟುಗಳ ಡಬ್ಬ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲೂ ಬೇಕಾದಷ್ಟಿವೆ, ಕಡಿಮೆ ಖರ್ಚಿನಲ್ಲಿ ಹೆದರಿಸಲು ಬಯಸುವ ನಿರ್ದೇಶಕರಿಗೂ ಕೊರತೆಯಿಲ್ಲ.